ಸಿರವಾರದಾಗ ಬಸ್ ಹತ್ತಿದ ಜಡಿಯ ಹಾಡುಗಾರ

ನನಗಾಗ ಅರವತ್ತೇಳು, ಐದು ವರ್ಷದ ಹಿಂದಿನ ಮಾತು. ದೇವದುರ್ಗದಿಂದ ರಾಯಚೂರಿಗೆ, ಮಗಳ ಮನಿಗೆ ಹೊಂಟಿದ್ದೆ. ಸಿರವಾರದಾಗ ಸೊಂಟದ ತನಕ ಗಂಟುಗಟ್ಟಿದ ಜಡಿ ಬಿಟ್ಟ ಒಬ್ಬಾವ ಬಸ್ ಹತ್ತಿದ. ಭತ್ತದ ಸಸಿ ಹಚ್ಚಿ ಬಂದಿದ್ದ ಹೆಂಗಸರು ಎಲ್ಲಮ್ಮನ ಜಡಿ ಅಂತ ಕೈ ಮುಗದರು. ಒಬ್ಬಾಕಿ ಸೀಟು ಬಿಟ್ಟುಕೊಟ್ಟು, ಜಡಿಗೆ ಭಂಡಾರದ ಅರಿಷಿಣ ಹಚ್ಚಿದಳು.

"ಯವ್ವಾ, ಇದು ದೇವರ ಜಡಿ ಅಲ್ರೀ. ನಾ ಮಾನ್ವಿಯಾವ, ರೆಗೆ ಹಾಡ್ತೀನಿ" ಅಂದ. ಅದು ಜಮೈಕಾ ಅನ್ನೋ ದೇಶದ ಹಾಡಂತ, ಅದನ್ನ ಹಾಡೋರು ಹಿಂಗ ಜಡಿ ಬಿಡ್ತಾರಂತ. ಮನಿ ಕಟ್ಟೋ ಗೌಂಡಿ ಕೆಲಸಕ್ಕಂತ ಗೋವಾಕ್ಕ ಹೋದಾವ ಅಲ್ಲೇ ಕಲತು, ಹತ್ತು ವರ್ಷ ಪರದೇಶದವರ ಮುಂದ ಹಾಡ್ಯಾನ. ಅವತ್ತು ರಾಯಚೂರಾಗ ಮೊದಲನೇ ಸಲ ಕನ್ನಡದಾಗ ಹಾಡೋನಿದ್ದ.

"ನಮ್ಮ ಮಂದಿ ನಗ್ತಾರೇನೋ ಅಂತ ಅಂಜಿಕಿ ಬೇ."

"ನಗ್ತೀವೋ ಇಲ್ಲೋ, ಇಲ್ಲೇ ಹಾಡಿ ನೋಡು" ಅಂದೆ.

ಸೀಟಿನ ಸರಳು ಬಡಕೋತ ಹಾಡಿದ. ಸಸಿ ಹಚ್ಚೋರ ಸೊಂಟನೋವಿನ ಹಾಡು. ತಾಳ ಚೂರು ತಡಾ ಮಾಡಿ ಬೀಳ್ತಿತ್ತು. ಹೆಂಗಸರು ಮೊದಲು ನಕ್ಕರು, ಆಮ್ಯಾಲೆ ಚಪ್ಪಾಳಿ ತಟ್ಟಿ ದನಿಗೂಡಿಸಿದರು.

ಭಂಡಾರ ಹಚ್ಚಿದಾಕಿ, "ಹಾಡು ಚಲೋ ಅದ. ದೇವರಲ್ಲ ಅಂದಮ್ಯಾಲೆ ಸೀಟು ಬಿಡು ಲೇ, ನನ್ನ ಸೊಂಟಾನೂ ನೋಯಾಕತ್ತದ" ಅಂದಳು. ಅವ ನಕ್ಕೋತ ಎದ್ದು, ರಾಯಚೂರು ತನಕ ನಿಂತೇ ಹಾಡಿದ.

ಮರುದಿನ ಮುಂಜಾನಿ ಮಗಳ ಮನ್ಯಾಗ ರೊಟ್ಟಿ ಬಡೀವಾಗ ನನ್ನ ಕೈ ಅದೇ ತಡಾ ತಾಳಕ್ಕ ಬಿತ್ತು. ಎರಡು ರೊಟ್ಟಿ ಹರದವು, ಹರಕನ್ನೇ ತಿಂದೆ.