ಜೋಡಿ ಇಳಿಸಿದರೆ ತಾನೂ ಇಳಿಸಿದವರು: ಡ್ರಿಲ್ ಮೇಷ್ಟ್ರು ಮಾದಯ್ಯನವರ ಪೂಜಾ ಕುಣಿತ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಪೂಜಾ ಕುಣಿತದ ಮಾತು ಬಂದರೆ, ಬಲ್ಲವರು ಕುಣಿಯುವವನ ಹೆಸರು ಕೇಳುವ ಮೊದಲು ಅವನ ಜೋಡಿ ಯಾರೆಂದು ಕೇಳುತ್ತಾರೆ. ಬಿದಿರ ದಬ್ಬೆಯ ಚೌಕಟ್ಟಿಗೆ ನೆರಿಗೆ ಹಿಡಿದ ಸೀರೆಗಳನ್ನು ಕಟ್ಟಿ, ನಡುವೆ ದೇವಿಯ ಹಿತ್ತಾಳೆ ಮುಖವನ್ನು ಕೂರಿಸಿದರೆ ಅದು ಪೂಜೆ. ಅದನ್ನು ತಲೆಯ ಮೇಲಿನ ಬಟ್ಟೆಯ ಸಿಂಬೆಯಲ್ಲಿ ನಿಲ್ಲಿಸಿ, ಕೈ ಮುಟ್ಟಿಸದೆ, ತಮಟೆಯ ಗತಿಗೆ ಹೆಜ್ಜೆ ಹಾಕುವುದು ಒಬ್ಬನಿಗೇ ಕಷ್ಟ. ಎದುರು ಬದುರಾಗಿ ಇಬ್ಬರು ಹಾಕುವಾಗ, ಎರಡು ಪೂಜೆಗಳೂ ಒಂದೇ ಎತ್ತರದಲ್ಲಿ ನಿಂತು ಒಂದೇ ಹೊತ್ತಿಗೆ ವಾಲಿ ಒಂದೇ ಹೊತ್ತಿಗೆ ಏಳಬೇಕು. ಈ ಕಲೆಯನ್ನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ತಲೆಯ ಮೇಲೆ ಹೊತ್ತ ಹನಕೆರೆಯ ಶ್ರೀ ಮಾದಯ್ಯನವರು ಮದ್ದೂರಿನ ಶಾಲೆಯ ಡ್ರಿಲ್ ಮೇಷ್ಟ್ರ ಹುದ್ದೆಯಿಂದ ಈ ವರ್ಷ, ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ, ನಿವೃತ್ತರಾಗಿದ್ದಾರೆ.

ಅಭಿನಂದನ ಸಮಿತಿಯವರು ಮನೆಗೆ ಹೋದಾಗ ಅವರು ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದರು. ಬಂದವರ ಮಾತು ಪೂರಾ ಕೇಳಿಸಿಕೊಂಡು, "ನಂಗ್ಯಾಕ್ರಪ್ಪ ಇವೆಲ್ಲ? ಹಾರ ಹಾಕುಸ್ಕೊಳಾನ ಅಂದ್ರೆ ಕತ್ತೇ ಬಗ್ಗಾಕಿಲ್ಲ" ಎಂದರು. ಒಳಗಿನಿಂದ ಅವರ ಮನೆಯವರಾದ ಮಲ್ಲಿಗಮ್ಮನವರು, "ಇವ್ರ ಕತ್ತು ಮದ್ವೆ ಆದಾಗಿಂದ್ಲೂ ಬಗ್ಗಿಲ್ಲ, ಈಗೇನು ಒಸದಾ?" ಎಂದು ಮಜ್ಜಿಗೆ ಕಳಿಸಿದರು. ನಕ್ಕವರಲ್ಲಿ ಮಾದಯ್ಯನವರೂ ಒಬ್ಬರು. ಆದರೆ ಆ ನಗೆಯಲ್ಲಿ ದಣಿವಿತ್ತು.

ಅವರ ಮೊದಲ ಜೋಡಿ ಅದೇ ಊರಿನ ಕೆಂಪಯ್ಯನವರು. ಓರಗೆಯವರು, ಒಂದೇ ಎತ್ತರದವರು. ಇಬ್ಬರ ತಲೆಯ ಮೇಲೂ ಒಂದೇ ಹಲಗೆಯಿಟ್ಟು ತುಂಬಿದ ಚೊಂಬು ನಿಲ್ಲಿಸಬಹುದು ಎಂದು ಊರವರು ಆಡಿಕೊಳ್ಳುತ್ತಿದ್ದರು. ಇಬ್ಬರಿಗೂ ಕಲಿಸಿದವರು ಕೆಂಪಯ್ಯನವರ ತಂದೆ. ಅವರ ಮೇಳದಲ್ಲಿ ಒಂದು ಕಟ್ಟಳೆಯಿತ್ತು: ಜೋಡಿ ಇಳಿಸಿದರೆ ತಾನೂ ಇಳಿಸಬೇಕು. ಕಾಲು ಉಳುಕಿತೋ, ಉಸಿರು ಕಟ್ಟಿತೋ, ಪೂಜೆ ಜಾರಿತೋ, ಕಾರಣ ಕೇಳುವ ಹಾಗಿಲ್ಲ. ಒಬ್ಬನ ತಲೆ ಬರಿದಾದರೆ ಇನ್ನೊಬ್ಬನ ತಲೆಯ ಮೇಲೆ ಪೂಜೆ ನಿಲ್ಲಬಾರದು. ಮಾದಯ್ಯನವರು ಶಾಲೆಯಲ್ಲೂ ಇದನ್ನೇ ನಡೆಸಿದರು. ಬರಿಗಾಲಿನ ಮಕ್ಕಳು ಬಿಸಿಲ ಮೈದಾನದಲ್ಲಿ ಕಾಲು ಎತ್ತಿ ಇಡುವುದನ್ನು ಕಂಡ ದಿನ ತಾವೂ ಚಪ್ಪಲಿ ಬಿಟ್ಟು ನಿಂತರು, ಮಾರನೆಯ ದಿನದಿಂದ ಡ್ರಿಲ್ಲನ್ನು ಹೊಂಗೆಮರದ ನೆರಳಿಗೆ ತಂದರು. ಹೆಡ್ಮಾಸ್ತರು ಕೇಳಿದ್ದಕ್ಕೆ, ನೆರಳಲ್ಲಿ ಸಾಲು ಚೆನ್ನಾಗಿ ಬರುತ್ತದೆ ಎಂದರಂತೆ.

ಎಪ್ಪತ್ತರ ಇಸವಿಯಲ್ಲಿ ಸುತ್ತಲಿನ ಯುವಕ ಸಂಘಗಳು ಸೇರಿ ವರ್ಷಕ್ಕೊಮ್ಮೆ ಜೋಡಿ ಪೂಜೆಯ ಸ್ಪರ್ಧೆ ಏರ್ಪಡಿಸತೊಡಗಿದವು. ಹನಕೆರೆಯ ಜೋಡಿ ಮೊದಲೆರಡು ವರ್ಷವೂ ಎರಡನೆಯ ಸ್ಥಾನಕ್ಕೆ ಬಂತು. ಒಂದು ಸಲವಾದರೂ ಮೊದಲು ಬರಬೇಕೆಂಬ ಆಸೆ ಮಾದಯ್ಯನವರಿಗೆ ಹತ್ತಿದ್ದು ಆಗ. ಆ ಹೊತ್ತಿಗೆ ಸರಿಯಾಗಿ ಕೆಂಪಯ್ಯನವರ ಕತ್ತಿನ ನರ ಹಿಡಿದುಕೊಂಡಿತು. "ನನ್ ಕೈಲಿ ಆಗಾಕಿಲ್ಲ, ಬುಡ್ಲಾ ಮಾದ" ಎಂದು ಅವರು ಸಿಂಬೆ ಬಿಚ್ಚಿ ಹಗ್ಗದ ಮೇಲೆ ಹಾಕಿದರು. ಬಟ್ಟೆ ಒಣಗಿಸುವ ಹಗ್ಗದ ಮೇಲೆ ಆ ಸಿಂಬೆ ಬಹಳ ದಿನ ಹಾಗೆಯೇ ಇತ್ತು.

ಎರಡನೆಯವರು ಕೆರಗೋಡಿನ ಪುಟ್ಟರಾಜು. ಎತ್ತರದ ಆಳು, ಚುರುಕು ಕಾಲು, ಆದರೆ ಬಲಕ್ಕೆ ತಿರುಗುವ ಅಭ್ಯಾಸ. ಹನಕೆರೆಯವರು ಎಡಕ್ಕೆ ತಿರುಗುವವರು. ಪಾಯ ಹಾಕಿದ ಮೇಲೆ ಮನೆಯ ಬಾಗಿಲು ತಿರುಗಿಸಿದ ಹಾಗೆ, ನಲವತ್ತೇಳರ ವಯಸ್ಸಿನಲ್ಲಿ ಮಾದಯ್ಯನವರು ತಮ್ಮ ಮೈಯನ್ನು ಬಲಕ್ಕೆ ತಿರುಗಿಸಿದರು; ಅದಕ್ಕೊಂದು ಇಡೀ ವರ್ಷ ಹಿಡಿಯಿತು. ಪಳಗಿತು ಎನ್ನುವಾಗ ಪುಟ್ಟರಾಜುವಿಗೆ ಬಸ್ಸಿನ ಕಂಡಕ್ಟರ್ ಕೆಲಸ ಸಿಕ್ಕಿ ದೂರದ ಜಿಲ್ಲೆಗೆ ಹಾಕಿದರು. ಕೆಲಸ ಬಿಡಲೋ ಎಂದು ಹುಡುಗ ಕೇಳಿದ್ದಕ್ಕೆ, "ಉಣ್ಣೋ ಅನ್ನ ಬುಟ್ಟು ಯಾವನ್ಲಾ ಕುಣೀತಾನೆ? ಓಗು" ಎಂದು ಗದರಿ, ತಾವೇ ಬಸ್ಸು ಹತ್ತಿಸಿ ಬಂದರು. ಮನೆಗೆ ಬಂದು ಮಲ್ಲಿಗಮ್ಮನವರ ಮುಂದೆ ಆಡಿದ್ದು ಎರಡೇ ಮಾತು: ಮತ್ತೆ ಮೊದಲಿಂದ.

ಮೂರನೆಯವರು ಹಲಗೂರಿನ ಕರಿಯಯ್ಯನವರು. ಮಾತು ಕಡಿಮೆ, ಹೆಜ್ಜೆ ಹದ, ಎತ್ತರ ಮಾತ್ರ ಒಂದು ಗೇಣು ಕಮ್ಮಿ. ಪೂಜೆಗಳು ಸಮ ನಿಲ್ಲಲೆಂದು ಮಾದಯ್ಯನವರು ಹಳೆಯ ಸೀರೆಯನ್ನೂ ಭತ್ತದ ಹುಲ್ಲನ್ನೂ ಹೊಸೆದು ಅವರಿಗೆ ಎತ್ತರದ ಸಿಂಬೆಯೊಂದನ್ನು ಕಟ್ಟಿಕೊಟ್ಟರು. ಕರಿಯಯ್ಯ ಎಡಕ್ಕೆ ತಿರುಗುವವರು. ಸರಿ, ಮಾದಯ್ಯನವರ ಮೈ ಮತ್ತೆ ಎಡಕ್ಕೆ ತಿರುಗಬೇಕಾಯಿತು. ಭಾನುವಾರ ಬಂತೆಂದರೆ ಮದ್ದೂರಿನಿಂದ ಮಳವಳ್ಳಿಗೆ ಒಂದು ಬಸ್ಸು, ಅಲ್ಲಿಂದ ಹಲಗೂರಿಗೆ ಇನ್ನೊಂದು. ಹೋಗುವಾಗ ಹುರುಪು, ಬರುವಾಗ ಸೀಟಿನ ಕಂಬಿಗೆ ಒರಗಿ ನಿದ್ದೆ.

ಎಪ್ಪತ್ತಾರರ ಸ್ಪರ್ಧೆ ಮಳವಳ್ಳಿಯಲ್ಲಿ ನಡೆಯಿತು. ಅಂದು ಅವರಿಬ್ಬರೂ ಕುಣಿದದ್ದನ್ನು ನೋಡಿದವರು, ಮೊದಲ ಸ್ಥಾನ ಹನಕೆರೆ-ಹಲಗೂರಿನ ಜೋಡಿಗೇ ಎಂದು ಆಗಲೇ ಹೇಳತೊಡಗಿದ್ದರು. ಕೊನೆಯ ಸುತ್ತಿನಲ್ಲಿ ತಮಟೆ ಏರಿತು. ಏರಿದಾಗ ಬುದ್ಧಿ ಹಿಂದೆ ಉಳಿದು ಮೈ ಮುಂದೆ ಹೋಗುತ್ತದೆ. ಮಾದಯ್ಯನವರ ಮೈಗೆ ಆ ಗಳಿಗೆಯಲ್ಲಿ ಎದುರಿಗಿದ್ದವನು ಪುಟ್ಟರಾಜು. ಬಲಕ್ಕೆ ತಿರುಗಿಬಿಟ್ಟರು. ಪೂಜೆಗೆ ಪೂಜೆ ತಗುಲಿ, ಎತ್ತರದ ಸಿಂಬೆಯ ಮೇಲಿದ್ದ ಕರಿಯಯ್ಯನವರ ಪೂಜೆ ನೆಲಕ್ಕೆ ಬಿತ್ತು. ಮಾದಯ್ಯನವರದ್ದು ನಿಂತೇ ಇತ್ತು. ನಿಲ್ಲಿಸಬೇಡಿ, ಸುತ್ತು ಮುಗಿಸಿ, ಒಬ್ಬರದು ನಿಂತರೂ ಅಂಕವಿದೆ ಎಂದು ತೀರ್ಪುಗಾರರು ಕೈಸನ್ನೆ ಮಾಡಿದರು. ಮಾದಯ್ಯನವರು ಎರಡೂ ಕೈ ಎತ್ತಿ ತಮ್ಮ ಪೂಜೆಯನ್ನು ಇಳಿಸಿದರು. ಮೈಕಿನ ಮುಂದೆ ನಿಂತು, "ತಪ್ಪು ನಂದು, ಕರಿಯಯ್ಯಂದಲ್ಲ" ಎಂದರು.

ಆದರೆ ಜನರ ಬಾಯಿಗೆ ಬೀಗವುಂಟೇ? ಬಿದ್ದದ್ದು ಯಾರ ಪೂಜೆಯೋ ದೋಷ ಅವರದೇ ಎಂದು ಊರು ಮಾತಾಡಿತು. ಕರಿಯಯ್ಯನವರು ತಮ್ಮ ಪೂಜೆಯನ್ನು ಹಟ್ಟಿಯ ಮೂಲೆಯಲ್ಲಿಟ್ಟು ಗೋಣಿ ಹೊದಿಸಿ, ಇನ್ನು ಎತ್ತುವುದಿಲ್ಲ ಎಂದರು. ಮಾದಯ್ಯನವರು ಹೋದರೆ ಅವರು ಗದ್ದೆಗೆ ಹೊರಟುಬಿಡುವರು. ಕರಿಯಯ್ಯನವರ ತಾಯಿ ಚಿಕ್ಕಬೋರಮ್ಮನವರು ನೀರು ಕೊಟ್ಟು, "ಅವ್ನು ಬರಾಕಿಲ್ಲ ಮೇಷ್ಟ್ರೆ, ಸುಮ್ಕೆ ಯಾಕ್ ಬತ್ತೀರಿ?" ಎನ್ನುವರು. ಒಂದು ಭಾನುವಾರ ಮಾದಯ್ಯನವರು ತಮ್ಮ ಪೂಜೆಯನ್ನೂ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದು, ಅದೇ ಮೂಲೆಯಲ್ಲಿ ಇಟ್ಟರು. "ಕರಿಯಯ್ಯ ಎತ್ತೋಗಂಟ ಇದೂ ಇಲ್ಲೇ ಇರ್ಲಿ ಕಣವ್ವ" ಎಂದರು. ಮುಂದಿನ ವರ್ಷದ ಸ್ಪರ್ಧೆ ಅವರಿಲ್ಲದೆ ನಡೆಯಿತು.

ಎಪ್ಪತ್ತೆಂಟರಲ್ಲಿ ಪುಟ್ಟರಾಜುವಿಗೆ ಮಂಡ್ಯಕ್ಕೆ ವರ್ಗವಾಯಿತು. ಬಂದವನೇ, ಈ ಸಲ ನಾವಿಬ್ಬರೂ ನಿಂತರೆ ಎದುರಿಲ್ಲ ಎಂದ. ಕೆಂಪಯ್ಯನವರೂ ಸುಮ್ಮನಿರಲಿಲ್ಲ: "ಲೇ ಮಾದ, ಒಂದ್ಸಲನಾದ್ರೂ ಮೊದ್ಲು ಬಂದು ಸಾಯ್ಲಾ. ಆ ಕರಿಯಯ್ಯ ಕಲ್ಲು ಕಣ್ಲಾ, ಕಲ್ಲು." ಸರ್ವೀಸಿನ ಕೊನೆಯ ವರ್ಷ, ಇನ್ನೊಂದು ಸ್ಪರ್ಧೆಗೆ ಕತ್ತು ಉಳಿಯುವುದಿಲ್ಲವೆಂದು ಮಾದಯ್ಯನವರಿಗೂ ಗೊತ್ತಿತ್ತು. ಇಲ್ಲಿ ಅವರನ್ನು ದೇವರು ಮಾಡಿ ಬರೆದರೆ ಅವರೇ ಬೈದಾರು. ಆಸೆ ಗೆದ್ದಿತು. ಅವರು ತಮ್ಮ ಪೂಜೆಯನ್ನು ವಾಪಸು ತರಲೆಂದೇ ಹಲಗೂರಿನ ಬಸ್ಸು ಹತ್ತಿದರು.

ಹಟ್ಟಿಯ ಮೂಲೆಯಲ್ಲಿ ಅವರ ಪೂಜೆ ಹೊಸದರ ಹಾಗೆ ನಿಂತಿತ್ತು. ಸೀರೆಗಳು ಒಗೆದು ನೆರಿಗೆ ಹಿಡಿದಿದ್ದವು, ಹಿತ್ತಾಳೆ ಮುಖ ಬೆಳಗಿತ್ತು. ಪಕ್ಕದಲ್ಲಿ ಕರಿಯಯ್ಯನವರದು ಗೋಣಿಯಡಿ ಹಾಗೆಯೇ ಧೂಳು ತಿನ್ನುತ್ತಿತ್ತು. "ನಿಮ್ದನ್ನ ಅಮಾಸೆಗೊಂದ್ಸಲ ಉಣ್ಸೆಹಣ್ಣಾಕಿ ಉಜ್ತಾನೆ ಮೇಷ್ಟ್ರೆ" ಎಂದರು ಚಿಕ್ಕಬೋರಮ್ಮ. "ಅವನ್ದನ್ನ ಮುಟ್ಟಾಕಿಲ್ಲ."

ಮಾದಯ್ಯನವರು ಒಂದಿಷ್ಟು ಹುಣಿಸೆಹಣ್ಣು ಕೇಳಿ, ಗೋಣಿ ತೆಗೆದು, ಕಲ್ಲಿನ ಮೇಲೆ ಕೂತು ಕರಿಯಯ್ಯನವರ ಪೂಜೆಯ ಮುಖವನ್ನು ಉಜ್ಜತೊಡಗಿದರು. ಬಿದ್ದಾಗ ಕಿವಿಯ ಬಳಿ ನೆಗ್ಗಿದ್ದು ಕೈಗೆ ಸಿಕ್ಕಿತು. ಆ ಜಾಗಕ್ಕೆ ಬಂದಾಗ ಅತ್ತರು. ಗದ್ದೆಯಿಂದ ಬಂದ ಕರಿಯಯ್ಯನವರು ಬಾಗಿಲಲ್ಲಿ ನಿಂತು ನೋಡಿ, ಒಳಗೆ ಹೋಗಿ, ಅಟ್ಟದ ಮೇಲಿದ್ದ ಎತ್ತರದ ಸಿಂಬೆಯನ್ನು ತಂದರು. "ಎಡಕ್ಕೆ ತಿರ್ಗೋದಾದ್ರೆ ಬತ್ತೀನಿ ಮೇಷ್ಟ್ರೆ" ಎಂದರು.

ಆ ಮಧ್ಯಾಹ್ನ ಹಟ್ಟಿಯ ಮುಂದೆ ಇಬ್ಬರೂ ಕುಣಿದರು. ತೀರ್ಪುಗಾರರಿಲ್ಲ, ತಮಟೆಯಿಲ್ಲ, ಚಿಕ್ಕಬೋರಮ್ಮನವರು ಕೈತಟ್ಟಿದರು, ನೆರೆಮನೆಯವರು ಬಂದು ನೋಡಿದರು. ಮಾದಯ್ಯನವರು ಎಡಕ್ಕೇ ತಿರುಗಿದರು. ಎರಡನೆಯ ಸುತ್ತಿಗೆ ಕತ್ತಿನೊಳಗೆ ಸೂಜಿ ಚುಚ್ಚಿದ ಹಾಗಾಗಿ ಕಣ್ಣು ಕತ್ತಲೆ ಬಂತು. ಕೈ ಎತ್ತಿ ಪೂಜೆ ಇಳಿಸಿದರು. ಕಣ್ಣು ಬಿಟ್ಟು ನೋಡಿದರೆ ಕರಿಯಯ್ಯನವರ ತಲೆಯೂ ಬರಿದಾಗಿತ್ತು. ನೀನು ಯಾಕೆ ಇಳಿಸಿದೆ, ಇಷ್ಟು ದಿನದ ಮೇಲೆ ಎತ್ತಿದ್ದೆಯಲ್ಲ ಎಂದು ಕೇಳಿದ್ದಕ್ಕೆ, "ನೀವ್ ಇಳ್ಸುದ್ರಲ್ಲ" ಎಂದರು.

ಆ ವರ್ಷದ ಸ್ಪರ್ಧೆಗೆ ಮಾದಯ್ಯನವರು ನಿಲ್ಲಲಿಲ್ಲ, ಇನ್ನು ನಿಲ್ಲುವುದೂ ಇಲ್ಲ. ಮೊದಲ ಸ್ಥಾನ ಅವರಿಗೆ ಬರಲೇ ಇಲ್ಲ ಎಂದು ಈ ಅಭಿನಂದನ ಸಂಪುಟದಲ್ಲಿ ಬರೆಯುವುದು ಸಭ್ಯತೆಯೋ ಅಲ್ಲವೋ, ನಡೆದದ್ದು ಅದೇ. ಈಗ ಅವರ ಪೂಜೆಯನ್ನು ಹೊರುವವನು ಪುಟ್ಟರಾಜು, ಎದುರಿಗೆ ಕರಿಯಯ್ಯನವರು. ಹುಡುಗ ಎಡಕ್ಕೆ ತಿರುಗಲು ಕಲಿಯುತ್ತಿದ್ದಾನೆ. ಸಿಂಬೆ ಕಟ್ಟುವ ಕೆಲಸ ಮಾತ್ರ ಮಾದಯ್ಯನವರದೇ. ಅವರ ಕೈಗಳಿಗೆ ಈ ಕೆಲಸ ನೂರ್ಕಾಲ ಇರಲಿ, ಅವರ ಕತ್ತಿಗೆ ಮಾತ್ರ ತಾಯಿ ಇನ್ನು ಬಿಡುವು ಕೊಡಲಿ ಎಂಬುದು ನಮ್ಮೆಲ್ಲರ ಹಾರೈಕೆ. ಸನ್ಮಾನಕ್ಕೆ ಅವರು ಒಪ್ಪಿದ್ದು, ವೇದಿಕೆಯ ಮೇಲೆ ತಮ್ಮ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಬೇಕೆಂಬ ಷರತ್ತಿನ ಮೇಲೆ. ಹಾಕಿದ್ದೇವೆ. ಅವರ ಕತ್ತು ಬಗ್ಗುವುದಿಲ್ಲವಾದ್ದರಿಂದ, ಗೇಣು ಗಿಡ್ಡಗಿರುವ ಕರಿಯಯ್ಯನವರು ಆ ಕುರ್ಚಿಯ ಮೇಲೆ ಹತ್ತಿ ನಿಂತು ಅವರಿಗೆ ಹಾರ ಹಾಕಲಿದ್ದಾರೆ.