ಕಾಕು ಉಡಿಗೆ ಹಾಕಿದ ಗಡ್ಡೆ

ಬೆಳಿಗ್ಗೆ ಅಂಗಳ ಗುಡಿಸುವಾಗ ನಿನ್ನೆಯ ಹೂವೊಂದು ಕಸಬರಿಗೆಗೆ ಸಿಕ್ಕಿತು. ಹಿಂಡಿದ ಅರಿವೆಯ ಹಾಗೆ ಬಿಗಿಯಾಗಿ ತಿರುಚಿಕೊಂಡಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕೇಶ್ವಾಪುರದ ಪಕ್ಕದ ಮನೆಯ ಚಿಕ್ಕಮ್ಮ, ನಮ್ಮೆಲ್ಲರ ಕಾಕು, ನೆನಪಾದರು...

ನನ್ನ ತವರಿಗೂ ಅವರ ಮನೆಗೂ ನಡುವೆ ಒಂದು ಮೋಟು ಗೋಡೆ. ಅವರ ಬಚ್ಚಲ ನೀರು ಹರಿಯುವಲ್ಲಿ ಒಂದು ಸಾಲು ಗಿಡ. ಬೀಸಣಿಗೆಯಂತೆ ಹರಡಿದ ಉದ್ದನೆಯ ಎಲೆ, ಮೈತುಂಬ ಚುಕ್ಕೆಯ ಪುಟ್ಟ ಹೂ. ಬೆಳಿಗ್ಗೆ ಅರಳಿದರೆ ಸಂಜೆಗೆ ಮುಗಿಯಿತು.

"ನೋಡವಾ, ದೀಪಾ ಹಚ್ಚೂದರಾಗ ತನ್ನ ಸೀರಿ ತಾನ ಹಿಂಡಿ ಇಡತೈತಿ. ನಿನಗಿಂತ ಶಾಣ್ಯಾ ಐತಿ," ಎಂದು ಕಾಕು ನನ್ನನ್ನು ಕಾಡಿಸುತ್ತಿದ್ದರು. ಹೆಸರು ಕೇಳಿದರೆ "ನಮ್ಮವ್ವನ ಹೂ" ಎನ್ನುವರು, ಅಷ್ಟೇ. ಅವರ ಮನೆತನದಲ್ಲಿ ಮದುವೆಯಾಗಿ ಹೋಗುವ ಮಗಳಿಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿಯ ಜೊತೆ ಇದರ ಗಡ್ಡೆಯನ್ನೂ ಹಾಕುವ ರೂಢಿ. ಹೊರಗಿನವಳಾದ ನನ್ನ ಉಡಿಗೂ ಹಾಕಿದರು. ಯಾಕೆ ಹಾಕಿದರೋ, ಇವತ್ತಿಗೂ ತಿಳಿದಿಲ್ಲ.

ರಾಯಾಪುರದ ಈ ಗಂಡನ ಮನೆಯ ಕುಂಡದಲ್ಲಿ ಅದು ಚೆನ್ನಾಗಿಯೇ ಹಬ್ಬಿತ್ತು. ಒಂದು ಮಳೆಗಾಲ ಕೊಳೆಯಲು ಹತ್ತಿದಾಗ ಗಾಬರಿಯಾಗಿ, ನರ್ಸರಿಯಿಂದ ಅಂಥದೇ ಎಲೆಯ ಗಿಡ ತಂದು ಪಕ್ಕದಲ್ಲೇ ನೆಟ್ಟೆ. ಎರಡರಲ್ಲಿ ಒಂದು ಉಳಿಯಿತು. ಯಾವುದು...? ಮೊಬೈಲಿಗೆ ತೋರಿಸಿದರೆ ಐರಿಸ್ ಜಾತಿ ಎಂದಿತು. ಜೊತೆಗೆ ನೇರಳೆ ಹೂಗಳ ಚಿತ್ರ ತೋರಿಸಿ ನನ್ನ ತಲೆ ಇನ್ನಷ್ಟು ಕೆಡಿಸಿತು.

ಕಾಕು ಹೋದ ಮೇಲೆ ಅವರ ಅಂಗಳಕ್ಕೆಲ್ಲ ಫರಸಿ ಕಲ್ಲು ಹಾಸಿದರು. ಅವರ ಮಗಳ ಮನೆಯ ಗಿಡವೂ ಒಣಗಿತು. ನಿನ್ನೆ ಸಂಜೆ ಆ ಮಗಳು ಹುಡುಕಿಕೊಂಡು ಬಂದಳು.

"ಅಕ್ಕಾರ, ಅವ್ವನ ಹೂ ನಿಮ್ಮ ಹತ್ರ ಆದ್ರೂ ಉಳದೈತೇನ್ರಿ?"

ನನ್ನಲ್ಲಿಲ್ಲದಿದ್ದರೆ ಅದು ಇನ್ನೆಲ್ಲೂ ಇಲ್ಲ. ನರ್ಸರಿಯ ಕಥೆಯನ್ನೆಲ್ಲ ಹೇಳಿ, ಹೂವಿನ ಬಣ್ಣ ನೆನಪಿದೆಯೇ ಎಂದು ಕೇಳಿದೆ.

"ಹಳದಿ ಅಲ್ಲೇನ್ರಿ?"

ನನ್ನ ನೆನಪಿನಲ್ಲಿರುವುದು ಕೇಸರಿ. ಈ ಕುಂಡದಲ್ಲಿ ಅರಳುವುದೂ ಕೇಸರಿಯೇ. ಅಥವಾ ಇದನ್ನೇ ದಿನಾ ನೋಡಿ ನೋಡಿ ಕಾಕುವಿನ ಹೂವಿಗೂ ಇದೇ ಬಣ್ಣ ಬಳಿದುಬಿಟ್ಟೆನೋ... ಅವಳಿಗೆ ಹಾಗೆಯೇ ಹೇಳಿದೆ.

ಅವಳು ಬಗ್ಗಿ, ಆಗಲೇ ತಿರುಚಿಕೊಂಡಿದ್ದ ಹೂವನ್ನು ಬೆರಳಲ್ಲಿ ಮುಟ್ಟಿದಳು. "ಸೀರಿ ಹಿಂಡೇತಿ ನೋಡ್ರಿ," ಎಂದು ನಕ್ಕಳು. ನಗುತ್ತಲೇ ಕಣ್ಣು ತುಂಬಿಕೊಂಡವು. ನಾನು ಗಡ್ಡೆ ಅಗೆದು, ಕಾಗದದಲ್ಲಿ ಸುತ್ತಿ ಕೊಡಲು ಹೋದರೆ ಸೆರಗು ಒಡ್ಡಿ ನಿಂತಳು.

"ಯಾವ ಬಣ್ಣಾರ ಇರ್ಲಿ, ಹಾಕ್ರಿ ಅಕ್ಕಾರ. ನನಗ ಇನ್ನ ಉಡಿ ತುಂಬಾವರು ಯಾರದಾರ?"

ಒಳಗೆ ಹೋಗಿ ಅಕ್ಕಿ, ಕೊಬ್ಬರಿ ತಂದೆ.

ಈಗ ಕುಂಡದಲ್ಲಿ ಅಗೆದ ತಗ್ಗು ಹಾಗೇ ಇದೆ. ಕಾಕುವಿನ ಅಂಗಳ ನೆನೆದರೆ ಒಮ್ಮೆ ಕೇಸರಿ ಕಾಣುತ್ತದೆ, ಒಮ್ಮೆ ಹಳದಿ... ಕೂಗಿ ಕೇಳೋಣವೆಂದರೆ ಆ ಗೋಡೆಯಾಚೆ ಕಾಕು ಇಲ್ಲ.