ಮೊದಲ ತುಂಡು

ಊಟಿಯ ಚಳಿಯಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಡುವ ಮುನ್ನ ಡಾಕ್ಟರಮ್ಮ ಶಾಲಿನಿಂದ ಮೂಗು, ಬಾಯಿ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದರು. ಉಸಿರು ತಗುಲಿದರೆ ಗಾಜು ಮಂಜಾಗುತ್ತಿತ್ತು. ತಲೆ ಎತ್ತಿದಾಗ ಕಣ್ಣುಗಳ ಸುತ್ತ ಎರಡು ಕೆಂಪು ಬಳೆ ಮೂಡಿರುತ್ತಿದ್ದವು.

ಆಸ್ಪತ್ರೆಗಳು ರೋಗಿಗಳ ಮೈಯಿಂದ ಕತ್ತರಿಸಿ ಕಳಿಸಿದ ತುಂಡುಗಳ ಬಾಟಲಿಗಳನ್ನು ಅವರ ಲ್ಯಾಬಿನಲ್ಲಿ ತೆಗೆದುಕೊಳ್ಳುವ ಕೆಲಸ ನನ್ನದು. ಹೆಸರು ಬರೆಯದ ಬಾಟಲಿ ಬಂದರೆ, "ಉಪ್ಪಿನಕಾಯಿ ಅಂದ್ಕೊಂಡ್ರೇನೋ, ವಾಪಸ್ ಕಳ್ಸು" ಎನ್ನುತ್ತಿದ್ದರು. ಎಷ್ಟೇ ಚಿಕ್ಕ ಮಚ್ಚೆಯಾಗಲಿ, ಕತ್ತರಿಸಿದ್ದನ್ನು ಎಸೆಯಬಾರದು ಎಂಬುದು ಅವರ ಹಟ.

ನನ್ನ ಅಕ್ಕ ಕೋತಗಿರಿಯಲ್ಲಿ ಚಹಾ ಎಲೆ ಕೀಳುತ್ತಿದ್ದಳು. ಅವಳ ಹಿಮ್ಮಡಿಯಲ್ಲಿ ಕಪ್ಪು ಹರಡಿತು. ಮುಳ್ಳು ಒಳಗೇ ಉಳಿದಿದೆ ಎಂದುಕೊಂಡು ಪಕ್ಕದ ಕ್ಲಿನಿಕ್ಕಿಗೆ ಹೋದಳು. ಅಲ್ಲಿನ ಡಾಕ್ಟರು ಕೆತ್ತಿ ತೆಗೆದರು. ವರ್ಷದೊಳಗೆ ಆ ಗಾಯದ ಕಲೆಯಲ್ಲೇ ಕಪ್ಪು ಮತ್ತೆ ಮೂಡಿತು. ಈ ಸಲ ಊಟಿಯಲ್ಲಿ ಕತ್ತರಿಸಿದರು. ಬಾಟಲಿ ನನ್ನ ಕೈಗೇ ಬಂತು.

"ಮೊದಲ ತುಂಡು ಎಲ್ಲಿದೆಯಮ್ಮ?" ಡಾಕ್ಟರಮ್ಮ ಕೇಳಿದರು. "ಅರ್ಧ ತೆಗೆದ ಸಾದಾ ಮಚ್ಚೆ ಕಲೆಯೊಳಗೆ ಮತ್ತೆ ಬೆಳೆದ್ರೆ ಕ್ಯಾನ್ಸರ್ ಥರಾನೇ ಕಾಣುತ್ತೆ. ಆ ಮೊದಲ ತುಂಡು ನೋಡದೆ ಹೇಗೆ ಹೇಳ್ಲಿ?"

ಕೋತಗಿರಿಗೆ ಓಡಿದೆ. ಆ ಡಾಕ್ಟರು ನಕ್ಕರು. "ಒಂದು ಮಚ್ಚೆಗೆಲ್ಲಾ ಲ್ಯಾಬಾಮ್ಮ? ಅದು ಅವತ್ತೇ ಕಸದ ಕುಪ್ಪೆಗೆ ಹೋಯ್ತು."

ಡಾಕ್ಟರಮ್ಮ ಇದ್ದ ತುಂಡನ್ನೇ ಇನ್ನೂ ಆಳಕ್ಕೆ ಸೀಳಿಸಿ, ಸ್ಲೈಡಿನ ಮೇಲೆ ಸ್ಲೈಡು ನೋಡಿದರು. ಕೊನೆಗೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು. "ಸಾದಾ ಮಚ್ಚೆಯ ಜೀವಕೋಶಗಳು ಕೆಳಗಿಳಿದ ಹಾಗೆ ಚಿಕ್ಕದಾಗಿ ಸುಮ್ಮನಾಗ್ತವೆ. ಇವು ಕೆಳಗೂ ಅಷ್ಟೇ ದೊಡ್ಡವು, ಅಲ್ಲೂ ಒಡೆದು ಎರಡಾಗ್ತಾನೇ ಇವೆ. ಇದು ಮೆಲನೋಮ, ಮಚ್ಚೆಯ ಕ್ಯಾನ್ಸರ್. ಮೊದಲ ಸಲಾನೇ ನನ್ನ ಹತ್ರ ಬಂದಿದ್ರೆ..."

ಅಕ್ಕ ಮುಂದಿನ ಮಳೆಗಾಲ ನೋಡಲಿಲ್ಲ. ಆ ಡಾಕ್ಟರ ಬೆರಳು ಕೊಳೆಯಲಿ ಎಂದು ದಿನವೂ ಶಪಿಸುತ್ತಿದ್ದೆ.

"ಶಾಪಕ್ಕೆ ಅವನ ಕೈ ನಿಲ್ಲಲ್ಲಮ್ಮ. ಈ ಸ್ಲೈಡು ಅವನಿಗೆ ತೋರಿಸ್ಬೇಕು" ಎಂದರು ಡಾಕ್ಟರಮ್ಮ. ಎಷ್ಟೋ ಸಲ ಕರೆದರು. ಆ ಡಾಕ್ಟರು ಬರಲಿಲ್ಲ.

ಬಂದದ್ದು ಡಾಕ್ಟರಮ್ಮ ತೀರಿಕೊಂಡ ದಿನ, ಹಾರ ಹಿಡಿದುಕೊಂಡು. ಲ್ಯಾಬು ದಾಟಿಯೇ ಅವರ ಮನೆಗೆ ಹೋಗಬೇಕಿತ್ತು. ನಾನು ಅಡ್ಡ ನಿಂತೆ.

"ಮೊದಲು ಇಲ್ಲಿ ಬನ್ನಿ ಸಾರ್. ಅಮ್ಮ ನಿಮಗೆ ತೋರಿಸ್ಬೇಕು ಅಂತಿದ್ರು."

ಆ ಸ್ಲೈಡು ಇಟ್ಟೆ. ಜನ ನೋಡುತ್ತಿದ್ದರು, ಅವರು ಮೈಕ್ರೋಸ್ಕೋಪಿಗೆ ಬಗ್ಗಲೇಬೇಕಾಯಿತು. ಬಹಳ ಹೊತ್ತು ನೋಡಿದರು.

"ಮೆಲನೋಮ. ತುಂಬಾ ಆಳಕ್ಕಿಳಿದಿದೆ. ಯಾರದಮ್ಮ?"

"ನೀವು ಕುಪ್ಪೆಗೆ ಹಾಕಿದ್ರಲ್ಲ ಸಾರ್, ಅದರದೇ ಮಿಕ್ಕಿದ್ದು. ನಮ್ಮಕ್ಕಂದು."

ಅವರು ತಲೆ ಎತ್ತಲಿಲ್ಲ. ಉಸಿರಿಗೆ ಗಾಜು ಮಂಜಾಗಿತ್ತು. ಡಾಕ್ಟರಮ್ಮನ ಶಾಲು ಕುರ್ಚಿಯ ಮೇಲೇ ಇತ್ತು. ಅದರ ತುದಿಯಿಂದ ಗಾಜು ಒರೆಸಿ, "ಇನ್ನೊಂದ್ಸಲ ನೋಡಿ" ಎಂದೆ.